ಅಲೆಗಳ ಕೋಷ್ಟಕದಿಂದ ಹೊರಟ ನಾದ

ವೀಣೆಯ ಷಡ್ಜವನ್ನೂ ಕೊಳಲಿನ ಷಡ್ಜವನ್ನೂ ಒಂದೇ ಶ್ರುತಿಗೆ ಸೇರಿಸಿದರೂ, ಕಣ್ಣು ಮುಚ್ಚಿ ಕೇಳುವವರಿಗೆ ಯಾವುದು ಯಾವುದೆಂದು ಗೊತ್ತಾಗಿಬಿಡುತ್ತದೆ. ಎರಡರಲ್ಲೂ ಗಾಳಿ ಸೆಕೆಂಡಿಗೆ ಅಷ್ಟೇ ಸಲ ಕಂಪಿಸುತ್ತದೆ. ಆದರೆ ಆ ಕಂಪನದ ಅಲೆಯ ಆಕಾರ ಬೇರೆ ಬೇರೆ. ಈ ಆಕಾರವನ್ನು ಅಂಕಿಗಳಲ್ಲಿ ಬರೆದಿಟ್ಟುಕೊಂಡರೆ ತಂತಿ, ಬಿದಿರುಗಳಿಲ್ಲದೆಯೂ ನಾದ ಹುಟ್ಟಿಸಬಹುದಲ್ಲವೆ?

ಅಮೆರಿಕದ ಬೆಲ್ ಪ್ರಯೋಗಾಲಯದ ಇಂಜಿನಿಯರ್ ಮ್ಯಾಕ್ಸ್ ಮ್ಯಾಥ್ಯೂಸ್ ಹಿಡಿದದ್ದು ಈ ದಾರಿ. 1957ರಲ್ಲಿ ಅವರ ‘ಮ್ಯೂಸಿಕ್’ ಎಂಬ ಪ್ರೋಗ್ರಾಮು ಐಬಿಎಂ 704 ಗಣಕದಿಂದ ಸ್ವರ ಹೊರಡಿಸಿತು. ಮರುವರ್ಷದ ಆವೃತ್ತಿಯಲ್ಲಿ ಅಲೆಗಳ ಆಕಾರವನ್ನು ಕೋಷ್ಟಕವಾಗಿ ನೆನಪಿನಲ್ಲಿಟ್ಟು ಓದಿಸುವ ವಿಧಾನ ಬಂದಿತು. ಕೋಷ್ಟಕವನ್ನು ಮೊದಲಿಂದ ಕೊನೆಯವರೆಗೆ ಸೆಕೆಂಡಿಗೆ 440 ಸಲ ಓದಿದರೆ 440 ಹರ್ಟ್ಸ್‌ನ ಸ್ವರ. ಇನ್ನೂ ಬೇಗ ಓದಿದರೆ ಸ್ವರ ಏರುತ್ತದೆ.

ತೊಡಕಿರುವುದು ಇಲ್ಲೇ. ಬೇಕಾದ ಸ್ವರಕ್ಕೆ ತಕ್ಕಂತೆ ಓದುವಾಗ ಯಂತ್ರ ಅನೇಕ ಸಲ ಎರಡು ಅಂಕಿಗಳ ನಡುವೆ ಬಂದು ನಿಲ್ಲುತ್ತದೆ. ಸಮೀಪದ ಅಂಕಿಯನ್ನೇ ಎತ್ತಿಕೊಂಡರೆ ಆ ಚಿಕ್ಕ ತಪ್ಪು ಕಿವಿಗೆ ಗರಗರ ಎಂದು ಕೇಳುತ್ತದೆ. ಹೈಸ್ಕೂಲಿನಲ್ಲಿ ಲಾಗ್ ಟೇಬಲ್ ನೋಡಿದವರಿಗೆ ಇದರ ಪರಿಹಾರ ಗೊತ್ತೇ ಇದೆ: ಬಲಬದಿಯ ‘ಮೀನ್ ಡಿಫರೆನ್ಸ್’ ಕಾಲಂ. ಎರಡು ಅಂಕಿಗಳ ನಡುವಿನದನ್ನು ಲೆಕ್ಕ ಹಾಕಿ ತುಂಬುವ ಈ ಕ್ರಮಕ್ಕೆ ಇಂಟರ್‌ಪೊಲೇಷನ್ ಎಂದು ಹೆಸರು. ಅಲೆ ನುಣುಪಾಗುವುದು ಇದರಿಂದಲೇ.

ಆದರೆ ಒಂದೇ ಅಲೆ ಸುತ್ತಿ ಸುತ್ತಿ ಬಂದರೆ ನಾದ ಎಷ್ಟು ನುಣುಪಾಗಿದ್ದರೂ ಸತ್ತಂತಿರುತ್ತದೆ. ಮೀಟಿದ ತಂತಿಯ ನಾದ ಕ್ಷಣಕ್ಷಣಕ್ಕೂ ಬಣ್ಣ ಬದಲಿಸುತ್ತದಲ್ಲ! ಜರ್ಮನಿಯ ಹ್ಯಾಂಬರ್ಗಿನ ವುಲ್ಫ್‌ಗ್ಯಾಂಗ್ ಪಾಮ್ 1970ರ ದಶಕದ ಕೊನೆಯಲ್ಲಿ ಇದಕ್ಕೊಂದು ಉಪಾಯ ಹೂಡಿದರು. 64 ಅಲೆಗಳನ್ನು ಸಾಲಾಗಿ ಜೋಡಿಸಿ, ಸ್ವರ ನುಡಿಯುತ್ತಿರುವಾಗಲೇ ಒಂದರಿಂದ ಇನ್ನೊಂದಕ್ಕೆ ಸರಿಯುವಂತೆ ಮಾಡಿದರು. ಆಗ ಮೆಮೊರಿ ದುಬಾರಿ. ಆದ್ದರಿಂದ ಕೆಲವೇ ಅಲೆಗಳನ್ನು ಇಟ್ಟುಕೊಂಡು, ನಡುವಿನವನ್ನು ಯಂತ್ರವೇ ಲೆಕ್ಕ ಹಾಕಿಕೊಳ್ಳುವಂತೆ ಏರ್ಪಡಿಸಿದರು.

ಅವರ ಪಿಪಿಜಿ ಕಂಪನಿಯ ‘ವೇವ್‌ಕಂಪ್ಯೂಟರ್ 360’ರಲ್ಲಿ ಫಿಲ್ಟರ್ ಇರಲಿಲ್ಲ, ನಾದ ತೆಳುವಾಗಿ ಚುಚ್ಚುತ್ತಿತ್ತು. 1981ರ ‘ವೇವ್ 2’ರಲ್ಲಿ ಅನಲಾಗ್ ಫಿಲ್ಟರ್ ಸೇರಿತು. ಅದು ಮೇಲಿನ ಕರ್ಕಶ ಅಂಶಗಳನ್ನು ತಗ್ಗಿಸಿ ನಾದಕ್ಕೆ ಮೈ ತುಂಬಿತು. ಆದರೂ ಪೂರ್ತಿ ನುಣುಪು ಬರಲಿಲ್ಲ. 8 ಬಿಟ್ ಎಂದರೆ ಅಲೆಯ ಎತ್ತರಕ್ಕೆ 256 ಮೆಟ್ಟಿಲು ಮಾತ್ರ. ಅಲೆಯಿಂದ ಅಲೆಗೆ ನಿಧಾನವಾಗಿ ಸರಿದರೆ ಯಂತ್ರ ಮೆಟ್ಟಿಲಿಳಿಯುವುದು ಕೇಳುತ್ತಿತ್ತು. ಲೆಕ್ಕಕ್ಕೆ ಇದು ದೋಷ. ಟ್ಯಾಂಜರೀನ್ ಡ್ರೀಮ್ ತಂಡದವರು, ಥಾಮಸ್ ಡಾಲ್ಬಿ ಮೊದಲಾದವರು ಒಲಿದದ್ದು ಗಾಜನ್ನು ತಟ್ಟಿದಂಥ ಈ ಒರಟು ನಾದಕ್ಕೇ. ನನ್ನ ಮಟ್ಟಿಗೆ ಅವರ ಕಿವಿ ಸರಿಯಾಗಿಯೇ ಇತ್ತು.

ಮಾರುಕಟ್ಟೆ ಮಾತ್ರ ಕೈಹಿಡಿಯಲಿಲ್ಲ. 1983ರಲ್ಲಿ ಯಮಾಹಾದ ಡಿಎಕ್ಸ್7 ಎಷ್ಟೋ ಕಡಿಮೆ ಬೆಲೆಗೆ ಬಂದಿತು. 1987ರಲ್ಲಿ ಪಿಪಿಜಿ ಬಾಗಿಲು ಹಾಕಿತು. ಪಾಮ್ ಅವರ ತಂತ್ರವನ್ನು ಜರ್ಮನಿಯದೇ ಆದ ವಾಲ್ಡಾರ್ಫ್ 1989ರಲ್ಲಿ ‘ಮೈಕ್ರೊವೇವ್’ ಎಂಬ ವಾದ್ಯದಲ್ಲಿ ಮುಂದುವರಿಸಿತು.

ಈಗಿನ ಕಂಪ್ಯೂಟರಿಗೆ ಈ ನಡುವಿನ ಲೆಕ್ಕವೆಲ್ಲ ಲೆಕ್ಕಕ್ಕೇ ಇಲ್ಲ. ಎಷ್ಟು ಬೇಕಾದರೂ ನುಣುಪು ಮಾಡುತ್ತದೆ. 2012ರಲ್ಲಿ ಪಾಮ್ ಅವರೇ ಐಪ್ಯಾಡಿಗಾಗಿ ‘ವೇವ್‌ಜನರೇಟರ್’ ರೂಪಿಸಿದರು. ವಾಲ್ಡಾರ್ಫ್ ಹಳೆಯ ವೇವ್ ಯಂತ್ರವನ್ನೇ ಸಾಫ್ಟ್‌ವೇರಿನಲ್ಲಿ ಮರುಸೃಷ್ಟಿಸಿತು, ಆ ಗರಗರವನ್ನೂ ಬಿಡದೆ.