ರೇಷ್ಮೆ ಬಿತ್ತನೆ ಕೋಠಿ ಹಾಗೂ ಚಾಕಿ ಕೇಂದ್ರಗಳಲ್ಲಿ ಛಾಯಾಗ್ರಹಣ: ಕ್ಯಾಮೆರಾ ಉಪಕರಣಗಳ ಸೋಂಕು ನಿವಾರಣೆ

ಸಾರ್ವಜನಿಕರ ಮಾಹಿತಿಗಾಗಿ

ರೇಷ್ಮೆ ಬಿತ್ತನೆ ಕೋಠಿ, ಚಾಕಿ ಸಾಕಾಣಿಕಾ ಕೇಂದ್ರ ಹಾಗೂ ಬಿತ್ತನೆ ಪ್ರದೇಶದ ಹುಳು ಸಾಕಾಣಿಕಾ ಮನೆಗಳಲ್ಲಿ ಛಾಯಾಚಿತ್ರ ಅಥವಾ ವಿಡಿಯೋ ತೆಗೆಯಲು ವಿದ್ಯಾರ್ಥಿಗಳು, ಪತ್ರಿಕಾ ಪ್ರತಿನಿಧಿಗಳು, ಸಂಶೋಧಕರು ಮತ್ತು ರೈತ ಸಂಘಗಳ ಸದಸ್ಯರು ಅನುಮತಿ ಕೋರುವುದುಂಟು. ಈ ಕಟ್ಟಡಗಳು ಹೊರನೋಟಕ್ಕೆ ಸಾಧಾರಣವಾಗಿ ಕಂಡರೂ ಒಳಗಿನ ಸ್ವಚ್ಛತೆಯ ಶಿಸ್ತು ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯ ಶಿಸ್ತಿಗೆ ಸಮೀಪವಾದುದಾಗಿರುತ್ತದೆ. ಬಾಗಿಲಲ್ಲಿ ಕೈಕಾಲು ತೊಳೆದು, ಚಪ್ಪಲಿ ಬದಲಿಸಿ, ಬ್ಲೀಚಿಂಗ್ ಪುಡಿಯ ದ್ರಾವಣದಲ್ಲಿ ನೆನೆಸಿದ ಗೋಣಿಚೀಲವನ್ನು ತುಳಿದು ಒಳಬರುವ ಸಂದರ್ಶಕರು ಹೆಗಲಿನಲ್ಲಿರುವ ಕ್ಯಾಮೆರಾವನ್ನು ಮಾತ್ರ ಮರೆತಿರುತ್ತಾರೆ. ಹಿಂದಿನ ದಿನ ಗೂಡಿನ ಮಾರುಕಟ್ಟೆಯ ನೆಲದ ಮೇಲೆ ಇರಿಸಿದ್ದ ಚೀಲವೇ ಮರುದಿನ ಚಾಕಿ ಹುಳುಗಳ ತಟ್ಟೆಯ ಪಕ್ಕದಲ್ಲಿರುತ್ತದೆ. ಆದ್ದರಿಂದ ಉಪಕರಣಗಳನ್ನು ಹೇಗೆ ಶುಚಿಗೊಳಿಸಿ ಒಳಗೆ ತರಬೇಕೆಂಬ ವಿವರಗಳನ್ನು ಇಲ್ಲಿ ನೀಡಲಾಗಿದೆ. ಮೊಬೈಲ್ ದೂರವಾಣಿಯಿಂದ ಚಿತ್ರ ತೆಗೆಯುವವರಿಗೂ ಇವು ಅನ್ವಯಿಸುತ್ತವೆ.

ಇಷ್ಟು ಎಚ್ಚರಿಕೆ ಏಕೆ

ರೇಷ್ಮೆ ಹುಳುವಿಗೆ ಬರುವ ಪ್ರಮುಖ ರೋಗಗಳು ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು ಮತ್ತು ಗಂಟುರೋಗ. ಇವುಗಳಲ್ಲಿ ಬಿತ್ತನೆ ಕೋಠಿಯವರು ಅತಿಯಾಗಿ ಅಂಜುವುದು ಪೆಬ್ರಿನ್ ಎಂದೂ ಕರೆಯಲಾಗುವ ಗಂಟುರೋಗಕ್ಕೆ. ನೊಸೀಮಾ ಬಾಂಬಿಸಿಸ್ ಎಂಬ ಸೂಕ್ಷ್ಮಜೀವಿಯಿಂದ ಬರುವ ಈ ರೋಗವು ಸೋಂಕು ತಗುಲಿದ ಸೊಪ್ಪನ್ನು ತಿನ್ನುವುದರಿಂದ ಹರಡುವುದಲ್ಲದೆ ತಾಯಿ ಚಿಟ್ಟೆಯಿಂದ ಮೊಟ್ಟೆಗೂ ದಾಟುತ್ತದೆ. ಫ್ರಾನ್ಸ್ ದೇಶದ ರೇಷ್ಮೆ ಕೃಷಿ ಈ ರೋಗದಿಂದ ನೆಲಕಚ್ಚಿದಾಗ ಲೂಯಿ ಪಾಶ್ಚರ್ ಅವರು 1865ರಿಂದ ಅಲೆಸ್ ಪಟ್ಟಣದ ಸುತ್ತ ಅಧ್ಯಯನ ನಡೆಸಿ, ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಕ್ರಮವನ್ನು ರೂಢಿಗೆ ತಂದರು. ಕೋಠಿಗಳಲ್ಲಿ ಇಂದಿಗೂ ನಡೆಯುತ್ತಿರುವುದು ಮೂಲತಃ ಅದೇ ಪರೀಕ್ಷೆ. ಚಿಟ್ಟೆಯಲ್ಲಿ ಗಂಟುರೋಗದ ಬೀಜಕಣ ಕಂಡುಬಂದಲ್ಲಿ ಅದರ ಮೊಟ್ಟೆಗಳನ್ನು ನಾಶಪಡಿಸದೆ ಬೇರೆ ದಾರಿಯಿಲ್ಲ.

ಒಂದು ರೋಗರಹಿತ ಮೊಟ್ಟೆಯಲ್ಲಿ, ಅಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪಿನಲ್ಲಿ, ಸಾಮಾನ್ಯವಾಗಿ 400ರಿಂದ 500 ಮೊಟ್ಟೆಗಳಿರುತ್ತವೆ. ನೂರು ರೋಗರಹಿತ ಮೊಟ್ಟೆ ತಂದ ರೈತನ ಮನೆಯಲ್ಲಿ ನಲವತ್ತು ಸಾವಿರಕ್ಕೂ ಮೇಲ್ಪಟ್ಟು ಹುಳುಗಳಿರುತ್ತವೆಯೆಂದು ಇದರಿಂದ ತಿಳಿಯಬಹುದು. ಚಾಕಿ ಕೇಂದ್ರದಲ್ಲಿ ಎರಡನೆಯ ಜ್ವರದವರೆಗೆ ಸಾಕಿದ ಹುಳುಗಳು ಅನೇಕ ರೈತರಿಗೆ ಹಂಚಿಕೆಯಾಗುತ್ತವೆ. ಹುಳು ಎಳೆಯದಾದಷ್ಟೂ ರೋಗಕ್ಕೆ ಬೇಗ ತುತ್ತಾಗುತ್ತದೆ. ಅಲ್ಲಿ ಬಿದ್ದ ಸೋಂಕು ಹಲವು ಮನೆಗಳನ್ನು ತಲುಪಿ, ಸೊಪ್ಪಿಗೂ ಕೂಲಿಗೂ ಖರ್ಚಾದ ನಂತರ, ಕೊನೆಯ ಹಂತದಲ್ಲಿ ಹುಳುಗಳು ಚಂದ್ರಿಕೆ ಏರದೆ ಸಾಯುವುದರಿಂದ ಗೊತ್ತಾಗುತ್ತದೆ. ಆಗ ಸೋಂಕು ಬಂದ ದಾರಿಯನ್ನು ಹುಡುಕುವುದು ಬಹುಮಟ್ಟಿಗೆ ವ್ಯರ್ಥ.

ಯಾವ ಸೋಂಕು ನಿವಾರಕ, ಎಲ್ಲಿಗೆ

ಸಾಕಾಣಿಕಾ ಮನೆಗಳನ್ನು ಶುದ್ಧಿಗೊಳಿಸಲು ಬಳಸುವುದು ಶೇ. 0.3ರ ಅರಳಿದ ಸುಣ್ಣದಲ್ಲಿ ಬೆರೆಸಿದ ಶೇ. 2ರ ಬ್ಲೀಚಿಂಗ್ ಪುಡಿ ದ್ರಾವಣ, ಅಂದರೆ 100 ಲೀಟರ್ ನೀರಿಗೆ 2 ಕಿಲೋ ಬ್ಲೀಚಿಂಗ್ ಪುಡಿ ಮತ್ತು 300 ಗ್ರಾಂ ಸುಣ್ಣ. ಇಲ್ಲವೇ ಸುಣ್ಣದೊಂದಿಗೆ ಕ್ಲೋರಿನ್ ಡೈಆಕ್ಸೈಡ್. ಹಾಲುತೊಂಡೆಯ ವೈರಾಣುವನ್ನು ಮುಚ್ಚಿಕೊಂಡಿರುವ ಕವಚವು ಕ್ಷಾರದಲ್ಲಿ ಕರಗುವುದರಿಂದ ಸುಣ್ಣ ಬೆರೆಸಲಾಗುತ್ತದೆ. ಆದರೆ ಕ್ಲೋರಿನ್ ಲೋಹವನ್ನು ತಿನ್ನುತ್ತದೆ, ರಬ್ಬರನ್ನು ಕೆಡಿಸುತ್ತದೆ. ತಟ್ಟೆಗೂ ಗೋಡೆಗೂ ಸಲ್ಲುವ ಈ ದ್ರಾವಣವನ್ನು ಕ್ಯಾಮೆರಾದ ಮೇಲೆ ಸಿಂಪಡಿಸತಕ್ಕದ್ದಲ್ಲ. ಫಾರ್ಮಾಲಿನ್ ಹೊಗೆಗೆ ಕ್ಯಾಮೆರಾವನ್ನು ಒಡ್ಡುವುದೂ ಸಲ್ಲದು. ಅದು ಉಪಕರಣಕ್ಕಿಂತ ಮೊದಲು ಮನುಷ್ಯನಿಗೆ ಹಾನಿಕರ.

ಇದನ್ನು ತಿಳಿದವರು ಸಾಮಾನ್ಯವಾಗಿ ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಕ್ಯಾಮೆರಾ ಒರೆಸಿ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಆಸ್ಪತ್ರೆ, ಪ್ರಯೋಗಾಲಯಗಳ ರೂಢಿಯಿಂದ ಬಂದ ಈ ನಂಬಿಕೆ ಇಲ್ಲಿ ಪೂರ್ತಿ ಸಲ್ಲುವುದಿಲ್ಲ. ಆಲ್ಕೋಹಾಲ್ ಅನೇಕ ಬ್ಯಾಕ್ಟೀರಿಯಾಗಳನ್ನೂ ಕೆಲವು ಬಗೆಯ ವೈರಾಣುಗಳನ್ನೂ ಕೊಲ್ಲುತ್ತದೆ. ಆದರೆ ಗಂಟುರೋಗದ ಬೀಜಕಣಕ್ಕೆ ದಪ್ಪನೆಯ ಗೋಡೆಯಿದೆ, ಹಾಲುತೊಂಡೆಯ ವೈರಾಣುವಿಗೆ ಮೇಲೆ ಹೇಳಿದ ಕವಚವಿದೆ. ಇವುಗಳ ಮುಂದೆ ಆಲ್ಕೋಹಾಲ್ ಒಂದನ್ನೇ ನೆಚ್ಚುವಂತಿಲ್ಲ. ಒರೆಸುವುದರಿಂದ ಮುಖ್ಯವಾಗಿ ಆಗುವ ಉಪಯೋಗವೆಂದರೆ ಧೂಳು, ಜಿಡ್ಡು ಮತ್ತು ಅವುಗಳಲ್ಲಿ ಸೇರಿಕೊಂಡ ಕಣಗಳು ಬಟ್ಟೆಗೆ ಅಂಟಿ ಹೊರಬರುವುದು. ಹಾಗಾಗಿ ಒರೆಸಿದ ಬಟ್ಟೆಯ ಅದೇ ಮಗ್ಗುಲಿನಿಂದ ಮತ್ತೆ ಒರೆಸಿದರೆ ಪ್ರಯೋಜನವಿಲ್ಲ. ಕೋವಿಡ್ ಸಮಯದಲ್ಲಿ, 2020ರ ನಂತರ, ಬಳಕೆಗೆ ಬಂದ ನೇರಳಾತೀತ ಕಿರಣದ ಪೆಟ್ಟಿಗೆಗಳು ಬೆಳಕು ಬಿದ್ದ ಜಾಗವನ್ನು ಮಾತ್ರ ಶುದ್ಧಿಗೊಳಿಸುತ್ತವೆ. ಗುಂಡಿ, ತಿರುಗಣೆ, ಸಂದುಗಳಿರುವ ಕ್ಯಾಮೆರಾಕ್ಕೆ ಅವು ಸಾಲವು.

ಈ ಕಾರಣದಿಂದ ಅನುಸರಿಸಬೇಕಾದ ಕ್ರಮವೆಂದರೆ ಕ್ಯಾಮೆರಾವನ್ನು ಒರೆಸಿ ಶುಚಿಗೊಳಿಸುವುದು, ಅನಂತರ ಅದನ್ನು ಹೊದಿಕೆಯೊಳಗೆ ಇರಿಸಿ ಆ ಹೊದಿಕೆಯ ಹೊರಮೈಗೆ ಸೋಂಕು ನಿವಾರಕ ಬಳಸುವುದು.

ಹಿಂದಿನ ದಿನದ ಸಿದ್ಧತೆ

ಶುಚಿಗೊಳಿಸುವ ಕೆಲಸವನ್ನು ಮನೆಯಲ್ಲಿಯೇ, ಹಿಂದಿನ ದಿನ ಮುಗಿಸುವುದು ಸೂಕ್ತ. ಕೇಂದ್ರದ ಜಗಲಿಯಲ್ಲಿ ಕುಳಿತು ಗಾಳಿಯೂದುವ ರಬ್ಬರ್ ಬುಡ್ಡೆಯಿಂದ ಧೂಳು ಹಾರಿಸುವುದು ಒಳ್ಳೆಯ ಅಭ್ಯಾಸವಲ್ಲ. ಕ್ಯಾಮೆರಾವನ್ನು ಬಂದ್ ಮಾಡಿ ಬ್ಯಾಟರಿ ಹೊರತೆಗೆದು, ಮೆದುವಾದ ಒಣ ಬ್ರಷ್‌ನಿಂದ ಧೂಳು ತೆಗೆಯಬೇಕು. ಬಳಿಕ ಆಲ್ಕೋಹಾಲ್‌ನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ನಯವಾದ ಬಟ್ಟೆಯಿಂದ ಕೈ ಹಿಡಿಯುವ ಭಾಗ, ಗುಂಡಿಗಳ ಸುತ್ತ, ಲೆನ್ಸಿನ ಹೊರಕೊಳವೆ ಮತ್ತು ಮುಚ್ಚಳಗಳನ್ನು ಒರೆಸಬೇಕು. ದ್ರವವನ್ನು ನೇರವಾಗಿ ಸಿಂಪಡಿಸಿದರೆ ಅದು ಸಂದುಗಳಲ್ಲಿ ಇಳಿಯುತ್ತದೆ. ಲೆನ್ಸಿನ ಗಾಜಿಗೆ ಅದಕ್ಕೆಂದೇ ದೊರೆಯುವ ದ್ರವವನ್ನಷ್ಟೇ ಬಳಸಬೇಕು. ಪರದೆಯ ಲೇಪನ ಮತ್ತು ರಬ್ಬರ್ ಹಿಡಿಕೆ ಆಲ್ಕೋಹಾಲ್‌ನಿಂದ ಕ್ರಮೇಣ ಮಾಸಬಹುದಾದುದರಿಂದ ತಯಾರಕರ ಕೈಪಿಡಿಯನ್ನು ಮೊದಲು ಓದುವುದು ಒಳಿತು. ಆಲ್ಕೋಹಾಲ್ ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ. ಬ್ಲೀಚಿಂಗ್ ಪುಡಿಯೊಡನೆ ಸೇರಿದರೆ ವಿಷಕಾರಿ ಪದಾರ್ಥಗಳು ಉಂಟಾಗುತ್ತವೆ. ಎರಡಕ್ಕೂ ಬೇರೆ ಬೇರೆ ಬಟ್ಟೆ, ಬೇರೆ ಪಾತ್ರೆ ಇರತಕ್ಕದ್ದು.

ಕ್ಯಾಮೆರಾಕ್ಕಿಂತ ಅದರ ಪರಿವಾರವೇ ಹೆಚ್ಚು ಕೊಳಕು. ಕುತ್ತಿಗೆಯ ಬಟ್ಟೆಪಟ್ಟಿ ಬೆವರನ್ನೂ ಧೂಳನ್ನೂ ಹೀರಿಕೊಂಡಿರುತ್ತದೆ. ಅದನ್ನು ಬಿಚ್ಚಿ ಸಾಬೂನಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ಕ್ಯಾಮೆರಾ ಚೀಲವನ್ನು ಒಳಗೆ ತರುವಂತಿಲ್ಲ. ಮುಕ್ಕಾಲಿಯ ಪಾದಗಳು ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಅವು ಚಪ್ಪಲಿಯಂತೆಯೇ ನೆಲ ತುಳಿದಿರುತ್ತವೆ. ಕಾಲುಗಳನ್ನು ಸಾಬೂನು ನೀರಿನಿಂದ ತೊಳೆದು, ಪಾದಗಳನ್ನು ಬ್ಲೀಚಿಂಗ್ ದ್ರಾವಣದಲ್ಲಿ ಅದ್ದಿ, ಅಲ್ಯೂಮಿನಿಯಂ ಸವೆಯದಂತೆ ತದನಂತರ ಶುದ್ಧ ನೀರಿನಲ್ಲಿ ತೊಳೆದು ಒಣಗಿಸಬೇಕು. ಸಾಧ್ಯವಿದ್ದಲ್ಲಿ ಮುಕ್ಕಾಲಿ ಇಲ್ಲದೆಯೇ ಬರುವುದು ಲೇಸು.

ಲೆನ್ಸಿಗೆ ಬೂಷ್ಟು ಬಾರದಿರಲೆಂದು ಚೀಲದಲ್ಲಿ ನುಸಿಗುಳಿಗೆ ಇರಿಸುವ ಪದ್ಧತಿ ಕೆಲವರಲ್ಲಿದೆ. ರೇಷ್ಮೆ ಹುಳುವೂ ಒಂದು ಕೀಟವೇ ಆದುದರಿಂದ ಕೀಟವನ್ನು ಓಡಿಸುವ ವಸ್ತು ಅದಕ್ಕೂ ವಿಷವೇ ಸರಿ. ಸೊಳ್ಳೆ ನಿವಾರಕ ಮುಲಾಮು ಹಚ್ಚಿದ ಕೈ, ಬೀಡಿ ಅಥವಾ ಗುಟ್ಕಾ ಮುಟ್ಟಿದ ಕೈಗಳಿಗೂ ಇದೇ ಮಾತು. ತಂಬಾಕಿನ ಅಂಶ ಸೊಪ್ಪಿಗೆ ತಗುಲಿದರೂ ಹುಳುಗಳು ಸಾಯುತ್ತವೆ. ಬೂಷ್ಟಿಗೆ ಸಿಲಿಕಾ ಜೆಲ್ ಪೊಟ್ಟಣ ಸಾಕು.

ಹೊದಿಕೆ ಮತ್ತು ತೇವಾಂಶ

ಕೇಂದ್ರದ ಬಾಗಿಲಿನ ಹೊರಗೆ, ತೊಳೆದ ಕೈಗಳಿಂದ, ಕ್ಯಾಮೆರಾವನ್ನು ಹೊಸ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇರಿಸಿ, ಲೆನ್ಸಿನ ಬಾಯಿಗೆ ಮಾತ್ರ ರಂಧ್ರ ಬಿಟ್ಟು ರಬ್ಬರ್ ಬ್ಯಾಂಡಿನಿಂದ ಬಿಗಿಯಬೇಕು. ಲೆನ್ಸಿನ ಮುಂದೆ ಸಾದಾ ಗಾಜಿನ ಫಿಲ್ಟರ್ ಹಾಕಿದ್ದರೆ ಹೊರಗೆ ಉಳಿಯುವ ಗಾಜೂ ಒರೆಸಬಹುದಾದುದಾಗಿರುತ್ತದೆ. ಚೀಲದ ಹೊರಮೈಯನ್ನು ಸಿಬ್ಬಂದಿ ನೀಡುವ ಸೋಂಕು ನಿವಾರಕದಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ ಪೂರ್ತಿ ಆರಿದ ಮೇಲೆ ಒಳಗೆ ಒಯ್ಯಬಹುದು. ಸೊಪ್ಪಿನ ಮೇಲೆ ಹನಿ ಬೀಳಬಾರದು. ಮೊಬೈಲ್ ದೂರವಾಣಿಗೆ ಬಾಯಿ ಮುಚ್ಚುವ ಸಣ್ಣ ಚೀಲ ಸಾಕಾಗುತ್ತದೆ. ಒಂದು ಕೊಠಡಿಯಿಂದ ಇನ್ನೊಂದಕ್ಕೆ ಹೋಗುವಾಗ ಚೀಲ ಬದಲಿಸಬೇಕು.

ಚಾಕಿ ಕೊಠಡಿಯನ್ನು 26ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಮತ್ತು ಶೇ. 80ರಿಂದ 90ರ ತೇವಾಂಶದಲ್ಲಿ ಇರಿಸಲಾಗುತ್ತದೆ. ಹವಾನಿಯಂತ್ರಿತ ಕಾರಿನಿಂದ ಇಳಿದವರ ತಣ್ಣನೆಯ ಲೆನ್ಸ್ ಇಲ್ಲಿ ಒಡನೆಯೇ ಮಂಜುಗಟ್ಟುತ್ತದೆ. ಆಗ ಅಂಗಿಯ ಅಂಚಿನಿಂದ ಗಾಜು ಒರೆಸುವ ಆತುರದಲ್ಲಿ ಹಿಂದಿನ ದಿನದ ಶ್ರಮವೆಲ್ಲ ನೀರುಪಾಲಾಗುತ್ತದೆ. ಬಾಯಿ ಮುಚ್ಚಿದ ಚೀಲದಲ್ಲಿಯೇ ಕ್ಯಾಮೆರಾವನ್ನು ಅರ್ಧ ಗಂಟೆ ಬಾಗಿಲ ಬಳಿ ಇರಿಸಿ, ಅದು ಹೊರಗಿನ ಬಿಸುಪಿಗೆ ಹೊಂದಿಕೊಂಡ ಬಳಿಕ ರಂಧ್ರ ಮಾಡಿದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ.

ಒಳಗೆ ಲೆನ್ಸ್ ಬದಲಾಯಿಸಬಾರದು. ಕೋಠಿಯಲ್ಲಿ ಚಿಟ್ಟೆಗಳ ರೆಕ್ಕೆಯ ಹುಡಿ ಸದಾ ಗಾಳಿಯಲ್ಲಿ ತೇಲುತ್ತಿರುತ್ತದೆ. ಕೋಠಿ ಕೆಲಸಗಾರರಲ್ಲಿ ಅಲರ್ಜಿ ಹಾಗೂ ಉಬ್ಬಸಕ್ಕೆ ಕಾರಣವೆಂದು ಗುರುತಿಸಲಾದ ಹುಡಿಯೂ ಇದೇ. ಉಸಿರಾಟದ ತೊಂದರೆ ಇರುವವರು ಮುಖಗವಸು ಧರಿಸಿಯೇ ಒಳಬರುವುದು ಕ್ಷೇಮ.

ಅರ್ಜಿಯಲ್ಲಿ ತಿಳಿಸಬೇಕಾದ ವಿಷಯಗಳು

ಅನುಮತಿಗಾಗಿ ಬರೆಯುವಾಗ ಬರುವವರ ಸಂಖ್ಯೆ, ತರುವ ಉಪಕರಣಗಳು, ಯಾವ ಹಂತದ ಚಿತ್ರ ಬೇಕು ಎಂಬುದರ ಜೊತೆಗೆ ಹಿಂದಿನ ದಿನಗಳಲ್ಲಿ ಬೇರೆ ಸಾಕಾಣಿಕಾ ಮನೆ, ಗೂಡಿನ ಮಾರುಕಟ್ಟೆ ಅಥವಾ ನೂಲು ಬಿಚ್ಚಾಣಿಕೆ ಘಟಕಕ್ಕೆ ಭೇಟಿ ನೀಡಿದ್ದಲ್ಲಿ ಅದನ್ನೂ ಮುಚ್ಚಿಡದೆ ತಿಳಿಸುವುದು ಉಚಿತ. ಒಂದೇ ದಿನ ಹಲವು ಕಡೆ ಹೋಗಬೇಕಾದವರು ಮೊದಲು ಚಾಕಿ ಕೇಂದ್ರ, ನಂತರ ಬೆಳೆದ ಹುಳುಗಳ ಮನೆ, ಅದರ ನಂತರ ಕೋಠಿ, ಕಟ್ಟಕಡೆಗೆ ಚಿಟ್ಟೆ ಪರೀಕ್ಷೆಯ ಕೊಠಡಿ ಹಾಗೂ ಮಾರುಕಟ್ಟೆ ಎಂಬ ಕ್ರಮವನ್ನಿಟ್ಟುಕೊಳ್ಳಬೇಕು. ಈ ಕ್ರಮವನ್ನು ತಿರುವುಮುರುವು ಮಾಡತಕ್ಕದ್ದಲ್ಲ.

ಸಮಯದ ಬಗ್ಗೆಯೂ ಮೊದಲೇ ವಿಚಾರಿಸತಕ್ಕದ್ದು. ಮೊಟ್ಟೆ ಒಡೆಯುವ ಸುಮಾರು 48 ಗಂಟೆ ಮೊದಲು ಅವುಗಳನ್ನು ಕಪ್ಪು ಕಾಗದದಲ್ಲಿ ಸುತ್ತಿ ಕತ್ತಲೆಯಲ್ಲಿ ಇರಿಸಲಾಗುತ್ತದೆ. ಚಿತ್ರಕ್ಕಾಗಿ ಅದನ್ನು ಬಿಚ್ಚಿದರೆ ಹುಳುಗಳು ಏಕಕಾಲಕ್ಕೆ ಹೊರಬರುವುದಿಲ್ಲ. ಬೆಳಕಿಗೆ ಒಡ್ಡುವ ದಿನದ ಮುಂಜಾನೆಯೇ ಆ ಚಿತ್ರಕ್ಕೆ ಸರಿಯಾದ ವೇಳೆ. ಜ್ವರಕ್ಕೆ ಕೂತ ಹುಳುಗಳನ್ನು ಅಲುಗಾಡಿಸಬಾರದು. ಮೊಟ್ಟೆಯಿಡುವ ಚಿಟ್ಟೆಗಳಿಗೆ ಕತ್ತಲೆ ಬೇಕು, ಹುಳುಗಳಿಗೆ ಮಂದ ಬೆಳಕು ಹಿತ. ಬಿಸಿಯಾಗುವ ಹ್ಯಾಲೋಜನ್ ದೀಪಗಳನ್ನು ತರುವುದು ಬೇಡ. ಊಜಿ ನೊಣ ನುಗ್ಗದಂತೆ ಜಾಲರಿ ಬಾಗಿಲನ್ನು ಕ್ಷಣಮಾತ್ರವೂ ತೆರೆದಿಡಬಾರದು. 1980ರಲ್ಲಿ ರಾಜ್ಯದಲ್ಲಿ ಕಾಣಿಸಿಕೊಂಡ ಈ ನೊಣ ಇಂದಿಗೂ ಬೆಳೆಗಾರರನ್ನು ಬಿಟ್ಟಿಲ್ಲ.

ಹೊರಬಂದ ನಂತರ

ಪ್ಲಾಸ್ಟಿಕ್ ಚೀಲವನ್ನು ಒಳಮಗ್ಗುಲು ಹೊರಗೆ ಬರುವಂತೆ ತಿರುವಿ ತೆಗೆದು ಸಿಬ್ಬಂದಿ ತೋರಿಸಿದ ಕಸದ ಡಬ್ಬಿಯಲ್ಲಿ ಹಾಕಬೇಕು, ಮನೆಗೆ ಒಯ್ಯಬಾರದು. ಕೈ ತೊಳೆದ ಬಳಿಕ ಫಿಲ್ಟರ್ ಗಾಜು ಮತ್ತು ಕ್ಯಾಮೆರಾವನ್ನು ಮತ್ತೊಮ್ಮೆ ಒರೆಸಿ, ತೇವ ಆರುವವರೆಗೆ ಸಿಲಿಕಾ ಜೆಲ್ ಜೊತೆ ಇರಿಸಬೇಕು. ಸ್ವತಃ ಹುಳು ಸಾಕುವ ರೈತರು ಬೇರೆಡೆ ಚಿತ್ರ ತೆಗೆದು ಹಿಂದಿರುಗಿದಲ್ಲಿ ಸ್ನಾನ ಮಾಡಿ ಬಟ್ಟೆ ಬದಲಿಸಿದ ನಂತರವೇ ತಮ್ಮ ಸಾಕಾಣಿಕಾ ಮನೆಯ ಬಾಗಿಲು ತೆರೆಯಬೇಕು. ಚಿತ್ರಗಳನ್ನು ಅನಂತರ ದೊಡ್ಡದಾಗಿ ನೋಡುವಾಗ ಹುಳುಗಳ ಮೈಮೇಲೆ ಮೆಣಸಿನ ಪುಡಿ ಚೆಲ್ಲಿದಂತಹ ಕಪ್ಪು ಚುಕ್ಕೆಗಳಾಗಲಿ, ಒಂದೇ ತಟ್ಟೆಯಲ್ಲಿ ಎದ್ದುಕಾಣುವಷ್ಟು ಗಾತ್ರದ ವ್ಯತ್ಯಾಸವಾಗಲಿ ಕಂಡುಬಂದಲ್ಲಿ, ಆ ಚಿತ್ರವನ್ನು ದಿನಾಂಕ ಮತ್ತು ತಟ್ಟೆ ಇದ್ದ ಜಾಗದ ವಿವರದೊಡನೆ ಅದೇ ದಿನ ಕೇಂದ್ರದ ಮುಖ್ಯಸ್ಥರಿಗೆ ತಲುಪಿಸಲು ಕೋರಲಾಗಿದೆ.