ರೋಮ್ ಬೀಳದೇ ಇದ್ದಿದ್ದರೆ?

ಇತಿಹಾಸದಲ್ಲಿ ‘ಹಾಗಾಗಿದ್ದರೆ’ ಎಂಬ ಮಾತಿಗೆ ಬೆಲೆಯಿಲ್ಲ ಎನ್ನುವುದುಂಟು. ಆದರೂ ಆ ಪ್ರಶ್ನೆ ಕೇಳದೆ ಮನುಷ್ಯನಿಗೆ ಸಮಾಧಾನವಿಲ್ಲ. ಪಾಶ್ಚಾತ್ಯ ಜಗತ್ತು ಮತ್ತೆ ಮತ್ತೆ ಕೇಳಿಕೊಂಡ ಇಂಥ ಪ್ರಶ್ನೆಗಳಲ್ಲಿ ಒಂದು: ರೋಮನ್ ಸಾಮ್ರಾಜ್ಯ ಬೀಳದೇ ಇದ್ದಿದ್ದರೆ ಏನಾಗುತ್ತಿತ್ತು?

ಅಮೆರಿಕದ ಲೇಖಕ ಎಲ್. ಸ್ಪ್ರೇಗ್ ಡಿ ಕ್ಯಾಂಪ್ 1939ರಲ್ಲಿ ಪ್ರಕಟಿಸಿದ ‘ಲೆಸ್ಟ್ ಡಾರ್ಕ್‌ನೆಸ್ ಫಾಲ್’ ಕಥೆಯಲ್ಲಿ ಇಪ್ಪತ್ತನೆಯ ಶತಮಾನದ ಪುರಾತತ್ವಜ್ಞನೊಬ್ಬ ಆರನೆಯ ಶತಮಾನದ ರೋಮ್ ನಗರಕ್ಕೆ ಹೋಗಿ ಬೀಳುತ್ತಾನೆ. ಮುದ್ರಣಯಂತ್ರ ಮೊದಲಾದವನ್ನು ಅಲ್ಲಿ ಪರಿಚಯಿಸಿ, ಬರಲಿರುವ ಅಂಧಕಾರಯುಗವನ್ನು ತಡೆಯಲು ಹೊರಡುತ್ತಾನೆ. ರಾಬರ್ಟ್ ಸಿಲ್ವರ್‌ಬರ್ಗ್ ಅವರ ‘ರೋಮಾ ಎಟೆರ್ನಾ’ (2003) ಸಾಮ್ರಾಜ್ಯವನ್ನು ಇಪ್ಪತ್ತನೆಯ ಶತಮಾನದವರೆಗೂ ಬದುಕಿಸುತ್ತದೆ. ಇದೇ ಕಲ್ಪನೆ ಆಟದ ಮೇಜಿಗೂ ಬಂದಿದೆ. ನಾಲ್ಕಾರು ಜನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಬೆಳೆಸುವ ಆಟಗಳು 1974ರಿಂದ ಮಾರುಕಟ್ಟೆಯಲ್ಲಿವೆ. ಅವುಗಳಲ್ಲಿ ‘ಸೈಬರ್‌ಪಂಕ್’ ಒಂದು ಬಗೆ. ಕಂಪ್ಯೂಟರ್ ಜಾಲ, ಬಣ್ಣದ ದೀಪಗಳ ಮಹಾನಗರ, ಅದರ ಅಡಿಯಲ್ಲಿ ನಲುಗುವ ಬಡಜನ, ಇವು ಅದರ ಹಿನ್ನೆಲೆ. ಇದಕ್ಕೆ ಸೀಸರನ ಸಿಂಹಾಸನವನ್ನೂ ಸೇರಿಸಿದರೆ ಕಂಪ್ಯೂಟರ್ ಯುಗದ ರೋಮ್ ಸಿದ್ಧವಾಗುತ್ತದೆ.

ಈ ಪ್ರಶ್ನೆಯನ್ನು ಬೆಂಗಳೂರಿನ ಪೂರ್ವ ಭಾಗದಲ್ಲಿ ನಿಂತು ಕೇಳಿದರೆ ಉತ್ತರ ಬೇರೆಯಾಗುತ್ತದೆ. ಏಕೆಂದರೆ ರೋಮ್ ಇಲ್ಲಿಗೆ ಕಲ್ಪನೆಯಾಗಿ ಬರುವ ಮೊದಲೇ ಬೆಳ್ಳಿಯಾಗಿ ಬಂದಿತ್ತು.

1965ರಲ್ಲಿ ಎಚ್.ಎ.ಎಲ್. ವಿಮಾನ ನಿಲ್ದಾಣದ ಪ್ರದೇಶದಲ್ಲಿ 256 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಅದಕ್ಕೂ ಮುಂಚೆ, 1891ರಲ್ಲಿ, ಯಶವಂತಪುರದ ಬಳಿ 163 ನಾಣ್ಯಗಳು ದೊರೆತಿದ್ದವು. ಈ ನಾಣ್ಯಗಳು ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಮೊದಲಾದ ಚಕ್ರವರ್ತಿಗಳ ಕಾಲದವು. ಎಂದರೆ ಕ್ರಿ.ಪೂ. 27ರಿಂದ ಕ್ರಿ.ಶ. 54ರವರೆಗಿನ ಅವಧಿ. ‘ಬೆಂಗಳೂರು’ ಎಂಬ ಹೆಸರು ಬೇಗೂರಿನ ಶಾಸನದಲ್ಲಿ ಕಾಣಿಸಿಕೊಳ್ಳುವುದು ಕ್ರಿ.ಶ. 900ರ ಸುಮಾರಿಗೆ. ಊರಿನ ಹೆಸರು ದಾಖಲೆಗೆ ಬರುವ ಎಂಟು ಶತಮಾನಕ್ಕೂ ಮೊದಲಿನ ನಾಣ್ಯಗಳು ಈ ನೆಲದಲ್ಲಿ ಹುದುಗಿದ್ದವು.

ಈ ಗಂಟು ಎಷ್ಟು ದೊಡ್ಡದು? ರೋಮನ್ನರ ಬೆಳ್ಳಿ ನಾಣ್ಯದ ಹೆಸರು ‘ಡಿನೇರಿಯಸ್’. ಸಂಸ್ಕೃತದ ‘ದೀನಾರ’ ಶಬ್ದದ ಮೂಲ ಇದೇ. ಅಗಸ್ಟಸನ ಸೈನ್ಯದಲ್ಲಿ ಸಾಮಾನ್ಯ ಕಾಲಾಳುವಿಗೆ ವರ್ಷಕ್ಕೆ 225 ಡಿನೇರಿಯಸ್ ಸಂಬಳ. ಆ ಲೆಕ್ಕದಲ್ಲಿ ಎಚ್.ಎ.ಎಲ್. ನಾಣ್ಯಗಳು ಒಬ್ಬ ಸಿಪಾಯಿಯ ಒಂದು ವರ್ಷದ ಸಂಬಳಕ್ಕಿಂತ ತುಸು ಹೆಚ್ಚು. ರಾಜಭಂಡಾರವಲ್ಲದಿದ್ದರೂ ಅಂದಿನ ಹಳ್ಳಿಗೆ ದೊಡ್ಡ ಆಸ್ತಿಯೇ ಸರಿ. ಅದನ್ನು ಹೂತಿಟ್ಟವರು ಮರಳಿ ತೆಗೆದುಕೊಳ್ಳಲಿಲ್ಲ ಎಂಬುದಷ್ಟೇ ನಿಶ್ಚಯ.

ರೋಮನ್ ಸೈನ್ಯ ದಖ್ಖಣಕ್ಕೆ ಎಂದೂ ಕಾಲಿಡಲಿಲ್ಲ. ನಾಣ್ಯಗಳನ್ನು ತಂದದ್ದು ವ್ಯಾಪಾರ. ಮುಂಗಾರು ಗಾಳಿಯನ್ನು ಹಿಡಿದು ಕೆಂಪು ಸಮುದ್ರದಿಂದ ಮಲಬಾರ್ ಕರಾವಳಿಗೆ ಬರುತ್ತಿದ್ದ ಹಡಗುಗಳು ಮೆಣಸು, ಮುತ್ತು, ರತ್ನ, ಬಟ್ಟೆಗಳನ್ನು ತುಂಬಿಕೊಂಡು ಹಿಂದಿರುಗುತ್ತಿದ್ದವು. ಬದಲಿಗೆ ಇಲ್ಲಿನವರು ಬೆಳ್ಳಿ ಬಂಗಾರವನ್ನೂ ಕೇಳುತ್ತಿದ್ದರು. ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್‌ಗಿಂತ ಕಡಿಮೆಯಿಲ್ಲದಷ್ಟು ಹಣ ಭಾರತದ ಪಾಲಾಗುತ್ತಿದೆಯೆಂದು ಪ್ಲಿನಿ ಕ್ರಿ.ಶ. ಒಂದನೆಯ ಶತಮಾನದಲ್ಲಿ ಗೊಣಗಿದ್ದಾನೆ. ನಾಲ್ಕು ಸೆಸ್ಟರ್ಸ್ ಸೇರಿದರೆ ಒಂದು ಡಿನೇರಿಯಸ್.

ಭಾರತದಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸರ ಕಾಲದವೇ ಹೆಚ್ಚು. ಕ್ರಿ.ಶ. 64ರ ಸುಮಾರಿಗೆ ನೀರೋ ಚಕ್ರವರ್ತಿ ನಾಣ್ಯದ ತೂಕವನ್ನೂ ಬೆಳ್ಳಿಯ ಪ್ರಮಾಣವನ್ನೂ ಇಳಿಸಿದ. ಮುಂದಿನವರೂ ಅದೇ ದಾರಿ ಹಿಡಿದರು. ಮೂರನೆಯ ಶತಮಾನದ ಉತ್ತರಾರ್ಧಕ್ಕೆ ಬರುವಾಗ ‘ಬೆಳ್ಳಿ’ ನಾಣ್ಯ ತಾಮ್ರದ ಬಿಲ್ಲೆಗೆ ಬಳಿದ ಬೆಳ್ಳಿಯ ಲೇಪವಾಗಿತ್ತು. ಸೈನ್ಯಕ್ಕೆ ಸಂಬಳ ಕೊಡಲು ಹಣ ಸಾಲದೆ, ಸಾಲದ ಹಣವನ್ನು ಕಲಬೆರಕೆಯಿಂದ ಸರಿದೂಗಿಸಿದ ಸಾಮ್ರಾಜ್ಯ ಅದು. ರೋಮ್ ಬೀಳಬಾರದಿತ್ತು ಎನ್ನುವ ಕಥೆಗಾರ ಕಾಡುಜನರ ದಾಳಿಯನ್ನು ತಡೆದರೆ ಸಾಲದು. ಈ ಖಜಾನೆಯನ್ನೂ ಸರಿಪಡಿಸಬೇಕು.

ಇಷ್ಟಕ್ಕೂ ರೋಮ್ ಬಿದ್ದದ್ದು ಯಾವಾಗ? ಪಠ್ಯಪುಸ್ತಕಗಳು ಕ್ರಿ.ಶ. 476 ಎನ್ನುತ್ತವೆ. ಆ ವರ್ಷ ಪದಚ್ಯುತನಾದವನು ಪಶ್ಚಿಮದ ಚಕ್ರವರ್ತಿ ಮಾತ್ರ. ಪೂರ್ವದ ರಾಜಧಾನಿ ಕಾನ್‌ಸ್ಟಾಂಟಿನೋಪಲ್ 1453ರವರೆಗೆ ಉಳಿಯಿತು. ಮಧ್ಯೆ 1204ರಿಂದ 1261ರವರೆಗೆ ಅದು ಪರರ ಕೈಸೇರಿದ್ದುಂಟು. ಅಲ್ಲಿನ ಜನ ಕೊನೆಯವರೆಗೂ ತಮ್ಮನ್ನು ರೋಮನ್ನರೆಂದೇ ಕರೆದುಕೊಂಡರು. ‘ಬೈಜಾಂಟೈನ್’ ಎಂಬುದು ಮುಂದಿನ ವಿದ್ವಾಂಸರು ಇಟ್ಟ ಹೆಸರು. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಈ ಪೂರ್ವ ರೋಮ್‌ನ ಬಂಗಾರದ ನಾಣ್ಯಗಳೂ ಸಿಕ್ಕಿವೆ. ಆಟದ ಮೇಜಿನ ಮೇಲೆ ಕಲ್ಪಿಸಿಕೊಳ್ಳುವ ‘ಬೀಳದ ರೋಮ್’ ನಿಜವಾಗಿಯೂ ಸಾವಿರ ವರ್ಷ ಇತ್ತು. ಅದರ ನಾಣ್ಯ ಕನ್ನಡ ನಾಡಿಗೂ ಬಂದಿತ್ತು.

ಹಾಗಾದರೆ ಆ ರೋಮ್ ಇನ್ನೂ ಬಾಳಿದ್ದರೆ ಕಂಪ್ಯೂಟರ್ ಯುಗವನ್ನು ತಲುಪುತ್ತಿತ್ತೆ? ಮೊದಲ ಶತಮಾನದಲ್ಲಿಯೇ ಅಲೆಕ್ಸಾಂಡ್ರಿಯಾದ ಹೀರೋನ್ ಹಬೆಯಿಂದ ತಿರುಗುವ ಗೋಲವೊಂದನ್ನು ವರ್ಣಿಸಿದ್ದಾನೆ. ರೋಮನ್ ರೈಲುಗಾಡಿಯ ಕನಸಿಗೆ ಅದೇ ಆಧಾರ. ಆದರೆ ಯಂತ್ರಕ್ಕಿಂತ ದೊಡ್ಡ ತೊಡಕು ಲೆಕ್ಕದ್ದು. ಎಚ್.ಎ.ಎಲ್. ನಾಣ್ಯಗಳ ಸಂಖ್ಯೆಯನ್ನು ರೋಮನ್ನರು ಬರೆಯಬೇಕಾದರೆ ಎರಡು ನೂರರ ಗುರುತು, ಒಂದು ಐವತ್ತರದು, ಒಂದು ಐದರದು, ಒಂದು ಒಂದರದು, ಹೀಗೆ ಐದು ಅಕ್ಷರ ಜೋಡಿಸಬೇಕು. ಆ ಬರಹದಲ್ಲಿ ಗುಣಾಕಾರ ಭಾಗಾಕಾರ ಪ್ರಯಾಸದ ಕೆಲಸ, ಮಣಿಚೌಕಟ್ಟೇ ಗತಿ. ಸ್ಥಾನಬೆಲೆ ಮತ್ತು ಸೊನ್ನೆ ಬೆಳೆದದ್ದು ಭಾರತದಲ್ಲಿ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಆ ಪದ್ಧತಿಯಲ್ಲಿಯೇ ‘ಗಣಿತಸಾರಸಂಗ್ರಹ’ ರಚಿಸಿದ. ಅರಬರ ಮೂಲಕ ಪಶ್ಚಿಮಕ್ಕೆ ಹೋದ ಈ ಅಂಕಿಗಳನ್ನು ಇಟಲಿಯ ಪೀಸಾ ನಗರದ ಫಿಬೊನಾಚಿ 1202ರ ತನ್ನ ಗ್ರಂಥದಲ್ಲಿ ವಿವರಿಸಿದ. ಬೆಳ್ಳಿ ಅಲ್ಲಿಂದ ಇಲ್ಲಿಗೆ ಬಂದಿತ್ತು; ಅಂಕಿ ಇಲ್ಲಿಂದ ಅಲ್ಲಿಗೆ ಹೋಯಿತು. ಒಂದೇ ಸಾಮ್ರಾಜ್ಯ ತನ್ನಷ್ಟಕ್ಕೆ ತಾನೇ ಕಂಪ್ಯೂಟರ್ ಯುಗ ತಲುಪುವ ಕಥೆ ಸೊರಗುವುದು ಇಲ್ಲಿಯೇ.

ರೋಮ್ ಬೆಂಗಳೂರಿಗೆ ಇನ್ನೊಮ್ಮೆ ಬಂದದ್ದು ಬ್ರಿಟಿಷರ ಜೊತೆಯಲ್ಲಿ. 1809ರಲ್ಲಿ ಶ್ರೀರಂಗಪಟ್ಟಣದ ಸೈನ್ಯವನ್ನು ಹಲಸೂರಿನ ಬಳಿಗೆ ತಂದು ದಂಡು ಕಟ್ಟಿದವರು ತಮ್ಮನ್ನು ರೋಮನ್ನರ ವಾರಸುದಾರರೆಂದು ಬಗೆದಿದ್ದರು. ದಂಡು ಪ್ರದೇಶದ ಮೇಯೋ ಹಾಲ್ (1883) ಗ್ರೀಕ್–ರೋಮನ್ ಮಾದರಿಯಲ್ಲಿ ಎದ್ದದ್ದು ಆಕಸ್ಮಿಕವಲ್ಲ. ಆಳುವ ಅಧಿಕಾರ ಶಾಶ್ವತವೆಂದು ಸಾರುವ ಶೈಲಿ ಅದು. 1947ರಲ್ಲಿ ದಂಡು ಮೈಸೂರು ಸಂಸ್ಥಾನಕ್ಕೆ ಮರಳಿತು. ಕಟ್ಟಡ ನ್ಯಾಯಾಲಯವಾಗಿ ಜನರ ಉಪಯೋಗಕ್ಕೆ ಬಂತು.

ಅಲ್ಲಿಂದ ಶಿವಾಜಿನಗರಕ್ಕೆ ನಡೆದರೆ ಸಂತ ಮೇರಿಯ ಬಸಿಲಿಕ ಎದುರಾಗುತ್ತದೆ. ರೋಮನ್ನರ ಕಾಲದಲ್ಲಿ ‘ಬಸಿಲಿಕ’ ಎಂದರೆ ಗುಡಿಯಲ್ಲ. ವ್ಯಾಪಾರವೂ ನ್ಯಾಯವಿಚಾರಣೆಯೂ ನಡೆಯುತ್ತಿದ್ದ ಸಾರ್ವಜನಿಕ ಚಾವಡಿ. ಕ್ರೈಸ್ತರು ಆ ಕಟ್ಟಡದ ಮಾದರಿಯನ್ನೂ ಹೆಸರನ್ನೂ ತಮ್ಮದಾಗಿಸಿಕೊಂಡರು. ಬಿಷಪ್ಪರ ಆಡಳಿತ ಕ್ಷೇತ್ರಕ್ಕೆ ಹೇಳುವ ‘ಡಯಾಸಿಸ್’ ಎಂಬ ಶಬ್ದ ಡಯೋಕ್ಲೀಷನ್ ಚಕ್ರವರ್ತಿಯ ಕಂದಾಯ ಆಡಳಿತದ ವಿಭಾಗದ ಹೆಸರಾಗಿತ್ತು. ಸೆಪ್ಟೆಂಬರಿನ ಮೇರಿ ಹಬ್ಬಕ್ಕೆ ಇಲ್ಲಿ ಸೇರುವ ಸಾವಿರಾರು ಜನರಲ್ಲಿ ಯಾರಿಗೂ ಡಯೋಕ್ಲೀಷನ್ ಬೇಕಾಗಿಲ್ಲ. ಅವನು ಕ್ರೈಸ್ತರನ್ನು ಹಿಂಸಿಸಿದ ಅರಸನೆಂಬುದು ಬೇರೆ ಮಾತು. ಅವನ ಶಬ್ದ ಮಾತ್ರ ಅವನು ಹಿಂಸಿಸಿದವರ ಬಳಿಯೇ ಉಳಿದಿದೆ.

ರೋಮ್‌ನ ಉಳಿವಿನ ಗುಟ್ಟು ಇದು. ಸೈನ್ಯ, ಸಿಂಹಾಸನ, ತೆರಿಗೆ ಬಿದ್ದವು. ಉಳಿದದ್ದು ಬೇರೆಯವರು ತಮಗೆ ಬೇಕೆಂದು ಎತ್ತಿಕೊಂಡದ್ದು. ತನ್ನ ಹೆಸರನ್ನು ಒಂದು ತಿಂಗಳಿಗೆ ಕೊಟ್ಟ ಅಗಸ್ಟಸ್ ಶಾಶ್ವತ ಸಾಮ್ರಾಜ್ಯದ ಕನಸು ಕಂಡವನು. ಅದೇ ತಿಂಗಳ 15ರಂದು ಭಾರತೀಯರು ಒಂದು ಸಾಮ್ರಾಜ್ಯ ಮುಗಿದದ್ದನ್ನು ಸಂಭ್ರಮದಿಂದ ನೆನೆಯುತ್ತಾರೆ. ‘ರೋಮ್ ಬೀಳದೇ ಇದ್ದಿದ್ದರೆ’ ಎಂಬ ಆಟ ರಂಜಕವೇ ಹೌದು. ಆದರೆ ಆ ಆಟ ಆಡುವವರು ತಮಗೆ ಸೀಸರನ ಪಾತ್ರ ಸಿಗದೆ, ಅವನ ಗುಲಾಮನ ಪಾತ್ರ ಸಿಕ್ಕರೆ ಏನೆಂಬುದನ್ನೂ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.