ಮೇಷ್ಟ್ರೂ ತುಂಟರೂ: ಆರ್. ಕೆ. ಲಕ್ಷ್ಮಣರ ರೇಖೆಗಳು

ಕರಿಯ ಮಸಿ, ಕುಂಚ, ಬಿಳಿಯ ಕಾಗದ, ಇವಿಷ್ಟೇ ಸಾಧನಗಳಿಂದ, 1921ರಲ್ಲಿ ಮೈಸೂರಿನಲ್ಲಿ ಜನಿಸಿದ ಆರ್. ಕೆ. ಲಕ್ಷ್ಮಣರು ತಮ್ಮ ಅಗ್ರಜರಾದ ಆರ್. ಕೆ. ನಾರಾಯಣರ ಕಥೆಗಳಿಗೆ ರೂಪವಿತ್ತ ಮಾಲ್ಗುಡಿಯೆಂಬ ಕಲ್ಪಿತ ಊರಿನ ಲೋಕವಿದು. 1980ರ ದಶಕದಲ್ಲಿ ಶಂಕರನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ ಆ ಕಥೆಗಳ ದೂರದರ್ಶನ ಧಾರಾವಾಹಿಯೊಡನೆ ಈ ರೇಖೆಗಳು ಮನೆಮನೆಯನ್ನೂ ಹೊಕ್ಕುವು.

ಮುಖ್ಯೋಪಾಧ್ಯಾಯರ ಮಗನಾಗಿದ್ದೂ, ಮನೆಯ ನೆಲ, ಗೋಡೆ, ಬಾಗಿಲುಗಳಲ್ಲಿ ಗೀಚಿ, ತರಗತಿಯಲ್ಲಿ ಉಪಾಧ್ಯಾಯರುಗಳ ವಿಕಟಚಿತ್ರಗಳನ್ನೇ ಬರೆಯುತ್ತಿದ್ದ ತುಂಟ ಬಾಲಕ ಲಕ್ಷ್ಮಣನು, ತಾನು ಚಿತ್ರಿಸಿದ ಒಂದು ಅಶ್ವತ್ಥದ ಎಲೆಯನ್ನು ಮೇಷ್ಟ್ರೊಬ್ಬರು ಮೆಚ್ಚಿದಂದಿನಿಂದ ತನ್ನನ್ನು ಕಲಾವಿದನೆಂದು ಭಾವಿಸತೊಡಗಿದನು. ಎಂತಹ ಧನ್ಯ ಮೆಚ್ಚುಗೆ! ಮುಂದೆ, ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಮಾಸಪತ್ರಿಕೆಯು ಆ ಕೈಗೆ ಕನ್ನಡದ ಓದುಗರನ್ನು ದೊರಕಿಸಿಕೊಟ್ಟಿತು.

ಗೆರೆಯನ್ನು ಸಮೀಪದಿಂದ ನೋಡಿರಿ: ಉಡುಪಿನ ಮಡಿಕೆಯಲ್ಲಿ ದಪ್ಪವಾಗಿ ಹರಿದುದು, ಮುಖದ ಬಳಿ ಕೂದಲೆಳೆಯಷ್ಟು ಸಣ್ಣದಾಗುವುದು.

ಈ ಗೆರೆಗಳಲ್ಲಿ ಮೂಡಿದ ಮೇಷ್ಟ್ರೂ ತುಂಟರೂ ಎಲ್ಲ ಊರಿನವರೇ: ರಜೆಯ ಮೇಲಿರುವ ಮೇಷ್ಟ್ರ ಬದಲಿಗೆ ಹೊಸಬರೊಬ್ಬರು ಬಾಗಿಲಲ್ಲಿ ಕಾಣಿಸಿದೊಡನೆ ಹಿಂದಿನ ಬೆಂಚಿನಿಂದೇಳುವ ಗುಜುಗುಜು ಮೈಸೂರಿನಲ್ಲಿ ಹೇಗೋ ವೇಮಗಲ್ಲಿನಂತಹ ಊರಿನಲ್ಲಿಯೂ ಹಾಗೆಯೇ. ಈ ಪ್ರದರ್ಶನಕ್ಕೆ ಬರುವ ಶಾಲೆಯ ಮಕ್ಕಳು ಈ ಚಿತ್ರಗಳ ಮುಂದೆಯೇ ಹೆಚ್ಚು ಹೊತ್ತು ನಿಲ್ಲಲಿ.